ನೆಹೆಮಿಯಾ ಅಳೆದ ಹಾದಿ

ಬೆಳಗಿನ ಐದೂವರೆ. ಹುಬ್ಬಳ್ಳಿ ಹೊರವಲಯದ ತಾರಿಹಾಳದಲ್ಲಿ ಗೋದಾಮೊಂದರ ಗೇಟಿನ ಮುಂದೆ ಒಂಬತ್ತು ಲಾರಿಗಳು ಸಾಲುಗಟ್ಟಿ ನಿಂತಿವೆ. ಆರನೆಯದು ನೆಹೆಮಿಯಾ ಅವರ ಹದಿನಾಲ್ಕು ಗಾಲಿಯ ಗಾಡಿ. ಕಬ್ಬಿಣದ ಸಲಾಕೆ ಹಿಡಿದು ಒಂದೊಂದೇ ಗಾಲಿಗೆ ಬಡಿಯುತ್ತ, ಕಿವಿಗೊಟ್ಟು ಸದ್ದು ಕೇಳುತ್ತ ಅವರು ಗಾಡಿಯನ್ನು ಸುತ್ತುತ್ತಿದ್ದಾರೆ. ಗಾಳಿ ಸರಿಯಿದ್ದ ಗಾಲಿ ಟಣ್ ಎನ್ನುತ್ತದೆ, ಇಳಿದದ್ದು ಧಪ್ ಎನ್ನುತ್ತದೆ. ಹನ್ನೊಂದನೆಯದು ಧಪ್ ಎನ್ನುತ್ತದೆ. ಐವತ್ತೆರಡು ವರ್ಷದ ನೆಹೆಮಿಯಾ ಸೊಂಟಕ್ಕೆ ಕೈಯಿಟ್ಟು ಅದನ್ನು ಎರಡು ನಿಮಿಷ ನೋಡಿ, ಜಾಕು ತರಲು ಹೋಗುತ್ತಾರೆ.

ಅವರು ಇಲ್ಲಿಗೆ ಬಂದದ್ದು ನಿನ್ನೆ ಸಂಜೆ ಏಳಕ್ಕೆ. ಬಂದ ಮೇಲೆ ತಾಡಪತ್ರಿ ಝಾಡಿಸಿ ಮಡಚಿದ್ದಾರೆ, ಹಗ್ಗಗಳ ಗಂಟು ಬಿಚ್ಚಿ ಸುತ್ತಿಟ್ಟಿದ್ದಾರೆ, ಗೇಟಿನವನ ಮುಂದೆ ನಾಲ್ಕು ಸಲ ಕಾಗದ ಹಿಡಿದು ನಿಂತಿದ್ದಾರೆ. ಹತ್ತೂವರೆ ತಾಸಿನಲ್ಲಿ ಗಾಡಿ ಮುಂದೆ ಸರಿದದ್ದು ಮೂರು ಗಾಡಿಯುದ್ದ. ಇಷ್ಟಕ್ಕೆಲ್ಲ ಸಂದ ಕೂಲಿ ಒಂದು ಪೈಸೆಯೂ ಇಲ್ಲ. ಅವರ ಕಂಪನಿ ಚಾಲಕರಿಗೆ ತಿಂಗಳ ಸಂಬಳ ಕೊಡುವುದಿಲ್ಲ, ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತದೆ.

"ಗಾಲಿ ತಿರುಗಿದ್ರ ನಾವು ಡ್ರೈವರ್ ರೀ," ಎನ್ನುತ್ತಾರೆ ನೆಹೆಮಿಯಾ, ಜಾಕಿನ ಹಿಡಿಕೆ ತುಳಿಯುತ್ತ. "ನಿಂತ್ವಿ ಅಂದ್ರ ಪುಕ್ಕಟ ವಾಚ್‌ಮನ್."

ಇಂಥವರ ಬಗ್ಗೆ ಬರೆಯಲು ಕುಳಿತಾಗ ಎಲೆಮರೆಯ ಕಾಯಿ ಎಂದು ನಾಲ್ಕು ಒಳ್ಳೆಯ ಮಾತು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನೆಹೆಮಿಯಾ ಹೊಗಳಿಸಿಕೊಳ್ಳಲು ಒಪ್ಪುವುದಿಲ್ಲ. ಕಂಪನಿಯ ಗೋಡೆಯ ಮೇಲೆ ಹನ್ನೊಂದು ವರ್ಷ ತೂಗಿದ ತಪ್ಪು ಸಂಖ್ಯೆಗಳನ್ನು ಅಲ್ಲಿಗೆ ಏರಿಸಿದವರು ಸ್ವತಃ ಅವರೇ. ಅವನ್ನು ಇಳಿಸಬೇಕು ಎಂಬುದೊಂದೇ ಅವರ ಈಗಿನ ಹಟ. ಆ ಹಟ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದೇ ಈ ಕಥೆ. ಕಂಪನಿಯ ಹೆಸರು ಮಾತ್ರ ಬರೆಯಬೇಡಿ ಎಂದು ಅವರು ಕೈಮುಗಿದಿದ್ದಾರೆ. ಬರೆದರೆ ನಾಳೆಯಿಂದ ಓಡಿಸಲು ಗಾಡಿ ಇರುವುದಿಲ್ಲ.

ನೆಹೆಮಿಯಾ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲೇ. ತಂದೆ ಮಿಶನ್ ಶಾಲೆಯೊಂದರಲ್ಲಿ ಗಂಟೆ ಬಾರಿಸುವ ಸಿಪಾಯಿ. ಮಗ ಅದೇ ಶಾಲೆಯಲ್ಲಿ ಮೇಷ್ಟರಾಗಲಿ ಎಂಬುದು ಅವರ ಆಸೆ. ಮಗನಿಗೋ ಶಾಲೆಯ ಕಾಂಪೌಂಡಿನಾಚೆ ಹೋಗುವ ಲಾರಿಗಳ ಸದ್ದೇ ಪಾಠವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಲೀನರ್ ಆಗಿ ಗಾಡಿ ಹತ್ತಿದವರು ಇಪ್ಪತ್ತಮೂರನೆಯ ವಯಸ್ಸಿಗೆ ಸ್ಟೇರಿಂಗ್ ಹಿಡಿದರು. ಇವತ್ತಿಗೆ ಇಪ್ಪತ್ತೊಂಬತ್ತು ವರ್ಷ. ಒಂದು ಅಪಘಾತವಿಲ್ಲ, ಒಂದು ಸಲ ಕುಡಿದು ಗಾಡಿ ಮುಟ್ಟಿದ್ದಿಲ್ಲ. ಬೆಂಗೇರಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಹೆಂಡತಿ ದೀನಾ ಅಲ್ಲೇ ಬಾಗಿಲ ಬಳಿ ಮಷೀನು ಇಟ್ಟುಕೊಂಡು ಹೆಂಗಸರ ಜಂಪರು ಹೊಲಿಯುತ್ತಾರೆ.

ಹಳೆಯ ಲಾರಿ ಚಾಲಕರಲ್ಲಿ ಒಂದು ಅಭಿಮಾನವಿತ್ತು, ಈಗಲೂ ಅಲ್ಲಲ್ಲಿ ಉಳಿದಿದೆ. ಒಂದೇ ಊರಿಗೆ ಹೋಗಿ ಬಂದ ಇಬ್ಬರಲ್ಲಿ ಯಾರ ಮೀಟರು ಕಡಿಮೆ ತೋರಿಸುತ್ತದೋ ಅವನೇ ಗಂಡು. ಹಾದಿ ಗೊತ್ತಿದ್ದವನು ಅಡ್ಡ ಬೀಳುವುದಿಲ್ಲ, ಸುತ್ತು ಹೊಡೆಯುವುದಿಲ್ಲ, ಡೀಸೆಲ್ ಸುಡುವುದಿಲ್ಲ. ಆಯುಧಪೂಜೆಯ ದಿನ ಹಳೆಯ ಮಾಲೀಕರು ಅಂಥವನನ್ನು ಮುಂದೆ ಕರೆದು ತೆಂಗಿನಕಾಯಿ, ಅಂಗಿಬಟ್ಟೆ ಕೊಡುತ್ತಿದ್ದರು. ನೆಹೆಮಿಯಾ ಏಳು ವರ್ಷ ಮುಂದೆ ನಿಂತು ಆ ಬಟ್ಟೆ ಇಸಿದುಕೊಂಡವರು. ಆ ಏಳೂ ಅಂಗಿ ಹರಿದು ಮಸಿಯರಿವೆಯಾದವು, ಅಭಿಮಾನ ಮಾತ್ರ ಹರಿಯಲಿಲ್ಲ.

ಹಳೆಯ ಮಾಲೀಕರು ತೀರಿಕೊಂಡ ಮೇಲೆ ಮಗ ರಾಜಶೇಖರ ವ್ಯವಹಾರ ಹಿಡಿದರು. ತಂದೆಯ ಹಳೆಯ ಅಂಗಡಿಯ ಗಾದಿ ತೆಗೆಸಿ, ದೇಶಪಾಂಡೆ ನಗರದಲ್ಲಿ ಗಾಜಿನ ಬಾಗಿಲಿನ ಆಫೀಸು ಮಾಡಿದರು. ಸಂಬಳವನ್ನು ಕಿಲೋಮೀಟರಿಗೆ ಕಟ್ಟಿದವರೂ ಅವರೇ. ಮೈಗಳ್ಳರಿಗೂ ದುಡಿಯುವವರಿಗೂ ಒಂದೇ ಸಂಬಳ ಯಾಕೆ, ಎಷ್ಟು ಓಡಿಸುತ್ತೀರೋ ಅಷ್ಟು ಒಯ್ಯಿರಿ ಎಂದರು. ಚಾಲಕರು ಕುಣಿದಾಡಿದರು. ನಿಂತ ತಾಸುಗಳಿಗೆ ದುಡ್ಡು ಯಾರು ಕೊಡುತ್ತಾರೆ ಎಂದು ಆ ದಿನ ಒಬ್ಬರೂ ಕೇಳಲಿಲ್ಲ.

ಕಿಲೋಮೀಟರಿಗೆ ಕೊಡಬೇಕೆಂದರೆ ಯಾವ ಊರು ಎಷ್ಟು ದೂರ ಎಂಬುದು ಗೊತ್ತಿರಬೇಕಲ್ಲ. ಗಾಡಿಗಳ ಮೀಟರನ್ನು ಮಾಲೀಕರು ನಂಬಲಿಲ್ಲ. ತಂತಿ ಕಿತ್ತು, ಹಲ್ಲು ಬದಲಿಸಿ ಮೀಟರನ್ನು ಕುಣಿಸುವ ವಿದ್ಯೆ ಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ಎಲ್ಲರೂ ನಂಬುವ ಒಬ್ಬನನ್ನು ಕಳಿಸಿ ಒಂದು ಸಲ ಅಳೆಸಿ, ಅದೇ ಸಂಖ್ಯೆ ಗೋಡೆಗೆ ಹಾಕುವುದು ಎಂದು ಠರಾವಾಯಿತು. ಆ ಒಬ್ಬ ಯಾರು ಎಂದು ಕೇಳಿದಾಗ ನಲವತ್ತು ಚಾಲಕರೂ ಒಂದೇ ಹೆಸರು ಹೇಳಿದರು.

ಹೀಗೆ ಒಂದು ಭಾನುವಾರದ ಮುಂಜಾನೆ ನೆಹೆಮಿಯಾ ಮುಂಬೈ ಬಂದರಿನ ಹಾದಿ ಅಳೆಯಲು ಹೊರಟರು. ಭಾನುವಾರವೇ ಯಾಕೆ? ರಸ್ತೆ ಖಾಲಿ ಇರುತ್ತದೆ ಎಂದು. ಚರ್ಚು ತಪ್ಪಿಸಿದ್ದಕ್ಕೆ ದೀನಾ ಸಿಟ್ಟಾದರು. ತೆಗೆದುಕೊಂಡದ್ದು ಆರು ಗಾಲಿಯ ಸಣ್ಣ ಗಾಡಿ, ಒಳಗೆ ಒಂದು ಚೀಲ ಸಿಮೆಂಟಿನ ಭಾರವೂ ಇಲ್ಲ. ಊರು ತಪ್ಪಿಸಿ ಸುತ್ತುವ ಬೈಪಾಸ್‌ಗಳನ್ನು ಬಿಟ್ಟು ಊರೊಳಗಿನ ಹಾದಿಗಳಲ್ಲೇ ನುಗ್ಗಿದರು. ಕಂಪನಿಯ ಗೇಟಿನಿಂದ ಬಂದರಿನ ಗೇಟಿಗೆ ಐನೂರ ಮೂವತ್ತೊಂದು ಕಿಲೋಮೀಟರ್. ತಿರುಗಿ ಬಂದು ಸಂಖ್ಯೆ ಹೇಳಿದಾಗ ಇಡೀ ಯಾರ್ಡು ಬಾಯಿ ತೆರೆಯಿತು. ರಾಜಶೇಖರ ಎದ್ದು ನಿಂತು ಕೈಕುಲುಕಿದರು. ಚೆನ್ನೈ, ಹೈದರಾಬಾದ್ ಹಾದಿಗಳನ್ನೂ ನೆಹೆಮಿಯಾ ಇದೇ ರೀತಿ ಅಳೆದು ಕೊಟ್ಟರು.

"ಅಳ್ಯಾಕ ಹೋಗಿದ್ನಿ, ಆದ್ರ ಮೆರಿಯಾಕ ಹೋದಾಂಗ ಹೋಗಿ ಬಂದ್ನಿ," ಎನ್ನುತ್ತಾರೆ ಅವರು. "ಎಷ್ಟು ಕಡಿಮಿ ತೋರಸ್ಲಿ ಅನ್ನೂದೊಂದ ತಲ್ಯಾಗ. ಆ ಕಡಿಮಿ ನಮ್ಮ ಹೊಟ್ಟಿ ಮ್ಯಾಲ ಬೀಳತೈತಿ ಅನ್ನೂದು ಹೊಳೀಲೇ ಇಲ್ರಿ. ಕಿಲೋಮೀಟರಿಗೆ ರೊಕ್ಕಾ ಅಂದ ಮ್ಯಾಲ ಹಾದಿ ಉದ್ದ ಇದ್ದಷ್ಟು ನಮಗ ಛಲೋ ಅಲ್ರೀ? ಸಣ್ಣ ಹುಡುಗಗೂ ತಿಳೀತೈತಿ. ನನಗ ತಿಳೀಲಿಲ್ಲ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಅವರೊಬ್ಬರ ಕೈಯಾಗಿದ್ದರೆ ಬೇರೆ ಮಾತು, ನಲವತ್ತು ಜನರ ಕೈ ಕಟ್ಟಿತು.

ನಿಜವಾದ ಹಾದಿ ಎಷ್ಟು? ಐನೂರ ಅರವತ್ತೊಂಬತ್ತು. ಗೋಡೆಯ ಚಾರ್ಟಿಗಿಂತ ಮೂವತ್ತೆಂಟು ಹೆಚ್ಚು. ಲೋಡು ಹೊತ್ತ ಹದಿನಾಲ್ಕು ಗಾಲಿಯ ಗಾಡಿಯನ್ನು ಹಗಲು ಯಾವ ದೊಡ್ಡ ಊರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಳಸು ಹಾದಿಗೇ ಇಪ್ಪತ್ತೊಂದು ಕಿಲೋಮೀಟರ್ ಹೋಗುತ್ತದೆ. ತೂಕದ ಕಾಟಾಕ್ಕೆ ಹೋಗಿ ಬರಲು ಆರು. ಬಂದರಿನ ಹತ್ತಿರ ಗಾಡಿ ನಿಲ್ಲಿಸುವ ಯಾರ್ಡಿನಿಂದ ಯಾರ್ಡಿಗೆ ಅಲೆಯಲು ಹನ್ನೊಂದು. ಇವಕ್ಕೆ ಚಾಲಕರು ಇಟ್ಟ ಹೆಸರು 'ಧರ್ಮದ ಕಿಲೋಮೀಟರ್'. ಮಾಲೀಕರಿಗೆ ಚಾಲಕರು ಮಾಡುವ ಧರ್ಮ. ನಮ್ಮ ಕಡೆ ಉಳ್ಳವರಿಗೆ ಇಲ್ಲದವರು ಧರ್ಮ ಮಾಡುವುದು ಹೊಸತೇನಲ್ಲ.

ಮುಂಬೈ ಹಾದಿಯಲ್ಲಿ ಹೋಗಿ ಬರುವ ಸುತ್ತು ತಿಂಗಳಿಗೆ ಆರಾಗುತ್ತವೆ. ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿಯಂತೆ ಚಾರ್ಟಿನ ಪ್ರಕಾರ ಕೈಗೆ ಬರುವುದು ಇಪ್ಪತ್ತೆಂಟು ಸಾವಿರ ಚಿಲ್ಲರೆ. ಹಾದಿಯ ಊಟ, ಚಹಾ, ಸ್ನಾನದ ಖರ್ಚು ಚಾಲಕನದೇ. ಅದು ಎಂಟು ಸಾವಿರ ನುಂಗುತ್ತದೆ. ಧರ್ಮದ ಕಿಲೋಮೀಟರಿನಲ್ಲಿ ಪ್ರತಿಯೊಬ್ಬ ಚಾಲಕ ಬಿಟ್ಟುಕೊಡುವುದು ತಿಂಗಳಿಗೆ ಎರಡು ಸಾವಿರದ ಐವತ್ತೆರಡು ರೂಪಾಯಿ. ಎರಡು ಸಾವಿರ ಏನು ಮಹಾ ಎನ್ನುವವರು ಬೆಂಗೇರಿಗೆ ಹೋಗಿ ದೀನಾ ಅವರನ್ನು ಕೇಳಬೇಕು. ಎರಡು ಸಾವಿರಕ್ಕೆ ಎಷ್ಟು ಜಂಪರು ಹೊಲಿಯಬೇಕು ಎಂದು ಅವರು ಬೆರಳು ಮಡಚದೆಯೇ ಹೇಳುತ್ತಾರೆ.

ಅಂದಹಾಗೆ ಪ್ರತಿ ಗಾಡಿಯಲ್ಲೂ ಈಗ ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರವಿದೆ. ಚಾಲಕ ಢಾಬಾದಲ್ಲಿ ಹತ್ತು ನಿಮಿಷ ಹೆಚ್ಚಿಗೆ ಕುಳಿತರೆ ದೇಶಪಾಂಡೆ ನಗರದಿಂದ ಫೋನು ಬರುತ್ತದೆ. ಗಾಡಿ ಎಲ್ಲಿ ನಿಂತಿದೆ ಎಂದು ತಿಳಿಯಲು ಯಂತ್ರ ಬೇಕು, ಎಷ್ಟು ಓಡಿದೆ ಎಂದು ತಿಳಿಯಲು ಮಾತ್ರ ಹನ್ನೊಂದು ವರ್ಷದ ಹಿಂದಿನ ನೆಹೆಮಿಯಾ ಸಾಕು. ಯಾರಾದರೂ ತಕರಾರು ಎತ್ತಿದರೆ ಆಫೀಸಿನದು ಒಂದೇ ಉತ್ತರ: ನಿಮ್ಮವನೇ ಅಳೆದದ್ದು.

ಇಲ್ಲಿಯವರೆಗಿನದು ತಪ್ಪು. ಇದರ ಮುಂದಿನದನ್ನು ನೆಹೆಮಿಯಾ ಪಾಪ ಎನ್ನುತ್ತಾರೆ. ಮೊದಲ ಎರಡು ವರ್ಷ ಅವರಿಗೆ ಸಣ್ಣ ಗಾಡಿಯಿತ್ತು, ಹಾದಿ ಚಾರ್ಟಿಗೆ ಹೆಚ್ಚುಕಡಿಮೆ ಹೊಂದುತ್ತಿತ್ತು. ದೊಡ್ಡ ಗಾಡಿ ಕೈಗೆ ಬಂದ ಮೊದಲ ಸುತ್ತಿನಲ್ಲೇ ಮೀಟರು ಐನೂರ ಅರವತ್ತೊಂಬತ್ತು ತೋರಿಸಿತು. ಅವರು ತುಟಿ ಬಿಚ್ಚಲಿಲ್ಲ. ಬೇರೆಯವರು ಗೊಣಗಿದರೆ, ನಿಮಗೆ ಓಡಿಸಲು ಬರುವುದಿಲ್ಲ ಎಂದು ಅವರನ್ನೇ ಬೈದರು. ಹೀಗೆ ಒಂಬತ್ತು ವರ್ಷ, ತಾವೂ ಧರ್ಮದ ಕಿಲೋಮೀಟರ್ ಓಡಿಸುತ್ತ, ಓಡಿಸುತ್ತಿಲ್ಲ ಎಂದು ನಟಿಸುತ್ತ ಕಳೆದರು.

"ನಂದೂ ಐನೂರಾ ಅರವತ್ತೊಂಬತ್ತ ಆಗತೈತಿ ಅಂತ ಹೇಳಿದ್ರ ನನ್ನ ಮರ್ಯಾದಿ ಏನಾಗ್ತಿತ್ರಿ? ಮಂದಿ ನನ್ನ ಎದುರಿಗೆ ಎದ್ದು ನಿಂದರತಿದ್ರು. ಆ ಎದ್ದು ನಿಂದ್ರೂ ಸುಖಕ್ಕ ಬಾಯಿ ಮುಚಗೊಂಡು ಕುಂತ್ನಿ. ಎರಡು ಸಾವಿರ ಕೊಟ್ಟು ತಿಂಗಳಾ ಮರ್ಯಾದಿ ತಗೊಂಡಾಂಗ ಆತು. ಅದೂ ನಂದೊಂದ ಎರಡು ಸಾವಿರ ಅಲ್ಲ."

ಬಾಯಿ ಬಿಡಿಸಿದವರು ಖಾದರಬಾಷಾ. ನೆಹೆಮಿಯಾ ಜೊತೆಗೇ ಕಂಪನಿ ಸೇರಿದ ಅವರು ಓಡಿಸುವುದು ಚೆನ್ನೈ ಹಾದಿಯಲ್ಲಿ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಯಾರ್ಡಿನ ಚಹಾದಂಗಡಿಯಲ್ಲಿ ಕುಳಿತಿದ್ದಾಗ ಖಾದರಬಾಷಾ ಸುತ್ತುಬಳಸದೆ ಕೇಳಿದರು: "ನೆಹೆಮಿಯಾ, ನನಗ ಐವತ್ತು ದಾಟೇತಿ, ನಿನಗೂ ದಾಟೇತಿ. ಇನ್ನ ಯಾರಿಗೆ ತೋರಸೂದೈತಿ? ನಿನ್ನ ಗಾಡಿ ಖರೇ ಎಷ್ಟು ಓಡತೈತಿ ಹೇಳಿಬಿಡು."

ನೆಹೆಮಿಯಾ ಹೇಳಿದರು. ಖಾದರಬಾಷಾ ಕೂಗಾಡಲಿಲ್ಲ. ಇಬ್ಬರ ಚಹಾದ ದುಡ್ಡನ್ನೂ ತಾವೇ ಕೊಟ್ಟು ಎದ್ದು ಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ನೆಹೆಮಿಯಾ ಇವತ್ತಿಗೂ ಅನ್ನುತ್ತಾರೆ.

ಮರುದಿನವೇ ಅವರು ಇಸ್ತ್ರಿ ಅಂಗಿ ತೊಟ್ಟು ದೇಶಪಾಂಡೆ ನಗರಕ್ಕೆ ಹೋದರು. ಮಾಲೀಕರು ನಕ್ಕರು. "ನೀವ ಅಳದದ್ದಲ್ಲೇನ್ರಿ? ಆವಾಗ ಐನೂರಾ ಮೂವತ್ತೊಂದ್ರಾಗ ಮುಟ್ಟಿದವರು ಈಗ್ಯಾಕ ಮುಟ್ಟವಲ್ರಿ? ವಯಸ್ಸಾತೇನು?" ಎಂದು ಕೇಳಿದರು. ನೆಹೆಮಿಯಾ ಎರಡನೆಯ ಸಲ ಹೋದಾಗ ಮಾಲೀಕರು ಊರಲ್ಲಿರಲಿಲ್ಲ. ಮೂರನೆಯ ಸಲ ಎರಡು ತಾಸು ಹೊರಗೆ ಕುಳ್ಳಿರಿಸಿಕೊಂಡರು. ನಾಲ್ಕನೆಯ ಸಲ ನೆಹೆಮಿಯಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು: "ಆವಾಗ ನಾ ನಿಮಗ ಸುಳ್ಳು ಹೇಳಿದ್ನಿ ಸಾಹೇಬ್ರ. ಖಾಲಿ ಗಾಡಿ ಒಯ್ದಿದ್ನಿ, ಊರಾಗ ಹಾದು ಹೋಗಿದ್ನಿ. ತಪ್ಪು ನಂದು. ಇನ್ನೊಮ್ಮೆ ಅಳಸ್ರಿ, ನಿಮ್ಮ ಮಷೀನಿಲೇ ಅಳಸ್ರಿ, ನನ್ನ ನಂಬಬ್ಯಾಡ್ರಿ."

ಇಪ್ಪತ್ತೊಂಬತ್ತು ವರ್ಷ ದುಡಿದ ಮನುಷ್ಯ ನನ್ನನ್ನು ನಂಬಬೇಡಿ ಎಂದು ಹೇಳಿ ನ್ಯಾಯ ಕೇಳಬೇಕಾಯಿತು. ಅದನ್ನು ಹೇಳುವಾಗ ಅವರಿಗೆ ಹೇಗಾಗಿರಬೇಡ? ರಾಜಶೇಖರ ಒಪ್ಪಿದರು. ಯಂತ್ರ ಎಷ್ಟು ತೋರಿಸುತ್ತದೋ ಅಷ್ಟನ್ನೇ ಚಾರ್ಟಿಗೆ ಹಾಕುತ್ತೇನೆ, ಆಡಿದ ಮಾತಿಗೆ ತಪ್ಪುವವನಲ್ಲ ಎಂದರು. ಜೂನಿನಲ್ಲಿ ಇಪ್ಪತ್ತೈದು ಟನ್ ಹೊತ್ತು ನೆಹೆಮಿಯಾ ಹೊರಟರು. ಕಾಟಾಕ್ಕೆ ಹೋದರು, ಪ್ರತಿ ಬೈಪಾಸ್ ಹಿಡಿದರು, ಯಾರ್ಡುಗಳನ್ನು ಅಲೆದರು. ಯಂತ್ರ ಐನೂರ ಅರವತ್ತೊಂಬತ್ತು ಎಂದಿತು.

ಮಾಲೀಕರು ಮಾತಿಗೆ ತಪ್ಪಲಿಲ್ಲ. ಜುಲೈ ಒಂದರಂದು ಹೊಸ ಚಾರ್ಟು ಗೋಡೆಗೆ ಬಂತು. ಮುಂಬೈ ಬಂದರು: ಐನೂರ ಅರವತ್ತೊಂಬತ್ತು. ಯಾರ್ಡಿನಲ್ಲಿ ಒಬ್ಬರು ಪೇಡೆ ಹಂಚಿದರು. ಚಾರ್ಟಿನ ಕೆಳಗೆ ಇನ್ನೊಂದು ಸಾಲಿತ್ತು. ಪೇಡೆ ತಿಂದು ಕೈ ಒರೆಸಿಕೊಂಡ ಮೇಲೆ ಅದನ್ನು ಓದಿದರು. ಈ ತಿಂಗಳಿನಿಂದ ಎಲ್ಲ ಹಾದಿಗಳಿಗೂ ದರ ಕಿಲೋಮೀಟರಿಗೆ ನಾಲ್ಕು ರೂಪಾಯಿ ಇಪ್ಪತ್ತು ಪೈಸೆ.

ನಾಲ್ಕೂವರೆಯಂತೆ ಐನೂರ ಮೂವತ್ತೊಂದಕ್ಕೆ ಎರಡು ಸಾವಿರದ ಮುನ್ನೂರ ಎಂಬತ್ತೊಂಬತ್ತು ರೂಪಾಯಿ ಐವತ್ತು ಪೈಸೆ ಬರುತ್ತಿತ್ತು. ನಾಲ್ಕು ಇಪ್ಪತ್ತರಂತೆ ಐನೂರ ಅರವತ್ತೊಂಬತ್ತಕ್ಕೆ ಬರುವುದು ಎರಡು ಸಾವಿರದ ಮುನ್ನೂರ ಎಂಬತ್ತೊಂಬತ್ತು ರೂಪಾಯಿ ಎಂಬತ್ತು ಪೈಸೆ. ನಾಲ್ಕು ಸಲ ಆಫೀಸಿನ ಮೆಟ್ಟಿಲು ಹತ್ತಿ, ಸುಳ್ಳುಗಾರ ಎಂದು ತಾವೇ ಒಪ್ಪಿಕೊಂಡು ನೆಹೆಮಿಯಾ ಗಳಿಸಿದ್ದು ಒಂದು ಕಡೆಯ ಪ್ರಯಾಣಕ್ಕೆ ಮೂವತ್ತು ಪೈಸೆ. ಹುಬ್ಬಳ್ಳಿಯಲ್ಲಿ ಇವತ್ತು ಮೂವತ್ತು ಪೈಸೆಗೆ ಬೆಂಕಿಕಡ್ಡಿಯೂ ಸಿಗುವುದಿಲ್ಲ. ಇಷ್ಟು ಕರಾರುವಾಕ್ಕಾಗಿ ದರ ಕತ್ತರಿಸಲು ಬರುವ ಆಫೀಸಿಗೆ ಹನ್ನೊಂದು ವರ್ಷ ಹಾದಿಯ ಲೆಕ್ಕ ಮಾತ್ರ ಬಂದಿರಲಿಲ್ಲ ಎಂದರೆ ನಂಬಬೇಕು.

ಅದಕ್ಕಿಂತ ಕೆಟ್ಟದ್ದು ಚೆನ್ನೈ ಹಾದಿಯವರ ಪಾಡು. ಆ ಹಾದಿಯನ್ನು ಯಾರೂ ಮತ್ತೆ ಅಳೆದಿಲ್ಲ. ಅದು ಚಾರ್ಟಿನಲ್ಲಿ ಇವತ್ತಿಗೂ ನೆಹೆಮಿಯಾ ಹೇಳಿದ ಏಳುನೂರ ನಲವತ್ತೆರಡರಲ್ಲೇ ನಿಂತಿದೆ, ದರ ಮಾತ್ರ ಇಳಿದಿದೆ. ಖಾದರಬಾಷಾ ಮತ್ತು ಅವರಂಥ ಹನ್ನೆರಡು ಜನರಿಗೆ ಒಂದು ಕಡೆಯ ಪ್ರಯಾಣಕ್ಕೆ ಇನ್ನೂರ ಇಪ್ಪತ್ತೆರಡು ರೂಪಾಯಿ ಅರವತ್ತು ಪೈಸೆ ಖೋತಾ. ಅದನ್ನೂ ಅಳೆಸಿ ಎಂದು ಕೇಳಿದವರಿಗೆ ಮುಂದೆ ನೋಡೋಣ ಎಂಬ ಉತ್ತರ ಸಿಕ್ಕಿದೆ.

"ಮೊದಲ ಸಲ ಕಡಿಮಿ ಅಳದು ನಮ್ಮ ಹೊಟ್ಟಿಗೆ ಹೊಡದ. ಎರಡನೇ ಸಲ ಖರೇ ಅಳದು ಹೊಡದ," ಎಂದು ಖಾದರಬಾಷಾ ಯಾರ್ಡಿನಲ್ಲಿ ಎಲ್ಲರೆದುರೇ ಅಂದರು. ನೆಹೆಮಿಯಾ ಬಂದರೆ ಈಗ ಯಾರೂ ಎದ್ದು ನಿಲ್ಲುವುದಿಲ್ಲ. ಕೆಲವರು ಅವರ ಪಕ್ಕದಲ್ಲಿ ಗಾಡಿಯನ್ನೂ ನಿಲ್ಲಿಸುವುದಿಲ್ಲ.

ಇದಾದ ಮೇಲೆ ಅವರು ಮಾಡಿದ ಕೆಲಸವನ್ನು ದೀನಾ ಹುಚ್ಚು ಎಂದೇ ಕರೆಯುತ್ತಾರೆ. ಅಭ್ಯಾಸದ ಮುಂಬೈ ಹಾದಿ ಬಿಟ್ಟುಕೊಟ್ಟು, ನನಗೆ ಚೆನ್ನೈ ಹಾದಿ ಹಾಕಿ ಎಂದು ನೆಹೆಮಿಯಾ ಅರ್ಜಿ ಕೊಟ್ಟರು. ಆ ಹಾದಿಯಲ್ಲಿ ಕಾಯುವ ತಾಸುಗಳು ಇನ್ನೂ ಹೆಚ್ಚು, ತಿಂಗಳ ಕೊನೆಗೆ ಸಿಗುವುದು ಇನ್ನೂ ಎರಡು ಮೂರು ಸಾವಿರ ಕಡಿಮೆ. ಆಫೀಸು ತಕ್ಷಣ ಒಪ್ಪಿತು, ಅಂಥ ಅರ್ಜಿಯನ್ನು ಬೇಡ ಎನ್ನುವವರು ಯಾರು?

"ಅವ್ರಿಗೆ ಹಾದಿ ಉದ್ದ ಆದ್ರ ನನಗ ಮಷೀನು ತುಳಿಯೂದು ಉದ್ದ ಆಗತೈತ್ರಿ," ಎನ್ನುತ್ತಾರೆ ದೀನಾ, ಬಟ್ಟೆಯಿಂದ ಕಣ್ಣೆತ್ತದೆ. "ಅಳಿಯೂದು ಸಾಕು ಮಾಡ್ರಿ ಅಂತ ಹೇಳೇನಿ. ಖಾದರಬಾಷಾ ಅಣ್ಣಾರ ಮನ್ಯಾಗೂ ಒಂದು ಒಲಿ ಐತಿ ಅಂತಾರ. ನಮ್ಮ ಮನ್ಯಾಗ ಒಲಿ ಇಲ್ಲೇನ್ರಿ?"

ತಾರಿಹಾಳದ ಸಾಲು ಈಗ ಸ್ವಲ್ಪ ಸರಿದಿದೆ. ಹನ್ನೊಂದನೆಯ ಗಾಲಿ ಬದಲಾಗಿದೆ, ನೆಹೆಮಿಯಾ ಅವರ ಎರಡೂ ಅಂಗೈ ಕರ್ರಗಾಗಿವೆ. ಎಂಟಕ್ಕೆ ಅವರ ಗಾಡಿಯ ಸರದಿ ಬರುತ್ತದೆ, ಹತ್ತರ ಹೊತ್ತಿಗೆ ಚೆನ್ನೈಗೆ ಹೋಗುವ ಎರಕದ ಸಾಮಾನಿನ ಪೆಟ್ಟಿಗೆಗಳು ಗಾಡಿಗೇರುತ್ತವೆ. ಚೆನ್ನೈಗೆ ಇದು ಅವರ ಮೂರನೆಯ ಸುತ್ತು. ಮೊದಲೆರಡು ಸುತ್ತಿನಲ್ಲೂ ಮೀಟರು ಏಳುನೂರ ಎಪ್ಪತ್ತೊಂಬತ್ತು ತೋರಿಸಿದೆ. ಮೂರು ಸಲ ಒಂದೇ ಸಂಖ್ಯೆ ಬಂದರೆ ಮತ್ತೆ ಇಸ್ತ್ರಿ ಅಂಗಿ ತೊಟ್ಟು ದೇಶಪಾಂಡೆ ನಗರಕ್ಕೆ ಹೋಗುತ್ತಾರಂತೆ. ಅದಾದ ಮೇಲೆ ಹೈದರಾಬಾದ್ ಹಾದಿ.

ಅಳೆದದ್ದನ್ನು ಒಪ್ಪಿಕೊಂಡು ಮಾಲೀಕರು ಮತ್ತೆ ದರ ಇಳಿಸಿದರೆ ಏನು ಮಾಡುತ್ತೀರಿ? ಪೆಟ್ಟಿಗೆಗಳು ಗಾಡಿಗೇರಿದ ಮೇಲೆ ಕೇಳಿದ ಪ್ರಶ್ನೆ ಇದು. ನೆಹೆಮಿಯಾ ಹಗ್ಗದ ಸುರುಳಿ ಹೆಗಲಿಗೇರಿಸಿ ಗಾಡಿ ಹತ್ತುತ್ತಾರೆ, ತಾಡಪತ್ರಿಯ ಅಂಚು ಎಳೆದು ಗಂಟು ಹಾಕುತ್ತಾರೆ, ಗಂಟನ್ನು ಕಾಲಿನಿಂದ ಒತ್ತಿ ನೋಡುತ್ತಾರೆ. ಆಮೇಲೆ ಮೇಲಿನಿಂದಲೇ ಹೇಳುತ್ತಾರೆ:

"ಇಳಸ್ತಾರ್ರಿ. ಇಳಸ್ದ ಬಿಡಾಂಗಿಲ್ಲ, ನನಗೂ ಗೊತ್ತೈತಿ. ಆದ್ರ ಹನ್ನೊಂದು ವರ್ಷ ಅವರು ಕಡಿಮಿ ಕೊಟ್ಟಿದ್ದು ನನ್ನ ಹೆಸರು ಹೇಳಿ. ಇನ್ನ ಮ್ಯಾಲ ಕಡಿಮಿ ಕೊಡೂದಾದ್ರ ತಮ್ಮ ಹೆಸರು ಹೇಳಿ ಕೊಡ್ಲಿ."